ಆಗೊಮ್ಮೆ ಈಗೊಮ್ಮೆ ಸೇದುವುದು ದೋಷವೆ?

ನಿಪ್ಪಾಣಿಯ ಪೇಟೆಯನ್ನು ಕಂಡವರಿಗೆ ತಂಬಾಕಿನ ವಖಾರಿಗಳ ಘಾಟು ಹೊಸದಲ್ಲ. ಚಿಕ್ಕೋಡಿ ಸೀಮೆಯ ಎಷ್ಟೋ ಒಕ್ಕಲುಮನೆಗಳು ಈ ಎಲೆಯಿಂದಲೇ ಸಾಲ ತೀರಿಸಿವೆ, ಮಕ್ಕಳ ಮದುವೆ ಮಾಡಿವೆ. ಎಷ್ಟೋ ತಾಯಂದಿರು ಮೊರದ ಮುಂದೆ ಕುಳಿತು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದಾರೆ. 1981ರಲ್ಲಿ ಯೋಗ್ಯ ಬೆಲೆಗಾಗಿ ತಂಬಾಕಿನ ರೈತರು ಇದೇ ನಿಪ್ಪಾಣಿಯಲ್ಲಿ ಹೆದ್ದಾರಿಯ ಮೇಲೆ ಕುಳಿತು, ಗೋಳಿಬಾರಿನಲ್ಲಿ ಪ್ರಾಣ ತೆತ್ತುದನ್ನು ಹಿರಿಯರು ಮರೆತಿಲ್ಲ. ಆದುದರಿಂದ ಈ ಸೀಮೆಯಲ್ಲಿ ತಂಬಾಕನ್ನು ಕುರಿತು ಬರೆಯುವವನು ಉಣ್ಣುವ ತಟ್ಟೆಯನ್ನು ಹಳಿದಂತಾಗದ ಹಾಗೆ ಬರೆಯಬೇಕಾಗುತ್ತದೆ.

ನಾವಿಲ್ಲಿ ವಿಚಾರಿಸಹೊರಟಿರುವುದು ವ್ಯಸನಿಯ ಮಾತನ್ನಲ್ಲ. ದಿನಕ್ಕೆರಡು ಕಟ್ಟು ಸೇದುವವನಿಗೆ ಅವನ ಕೆಮ್ಮೇ ಬುದ್ಧಿ ಹೇಳುತ್ತದೆ. “ನಾನು ಸೇದುವವನಲ್ಲರೀ, ಜಾತ್ರೆಯಲ್ಲಿ ಒಂದು, ಬೀಗರು ಬಂದಾಗ ಒಂದು, ಸಂತೆಯ ದಿನ ಚಹದ ಜೊತೆಗೆ ಒಂದು” ಎನ್ನುವ ಸದ್ಗೃಹಸ್ಥನದೇ ನಿಜವಾದ ಪ್ರಶ್ನೆ. ಬೇಡವೆಂದರೆ ಬೀಗರು ಏನೆಂದುಕೊಂಡಾರು ಎಂಬ ದಾಕ್ಷಿಣ್ಯ ಒಂದೆಡೆ; ಇಷ್ಟರಿಂದ ಏನಾದೀತು ಎಂಬ ಲೆಕ್ಕ ಇನ್ನೊಂದೆಡೆ.

ಆ ಲೆಕ್ಕವೇ ತಪ್ಪು. ದಿನಕ್ಕೆ 20 ಸಿಗರೇಟು ಸೇದುವವನ ಅಪಾಯದಲ್ಲಿ, ಒಂದೇ ಸೇದುವವನಿಗೆ 20ರಲ್ಲಿ ಒಂದು ಪಾಲೆಂದು ಯಾರಾದರೂ ಎಣಿಸಿಯಾರು. 141 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿ, 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಪರಿಶೀಲನೆಯು ಬೇರೆಯದನ್ನೇ ಹೇಳಿತು: ಹೃದ್ರೋಗದ ಹೆಚ್ಚುವರಿ ಅಪಾಯದಲ್ಲಿ ಸುಮಾರು ಅರ್ಧಪಾಲು ಆ ಒಂದರಿಂದಲೇ ಬಂದುಬಿಡುತ್ತದೆ. ರಕ್ತವು ಹೆಪ್ಪುಗಟ್ಟುವಂತಾಗಲು, ರಕ್ತನಾಳದ ಒಳಪೊರೆ ಕೆಡಲು ಅಲ್ಪ ಹೊಗೆಯೇ ಸಾಕು. ದಿನಕ್ಕೆ ಸರಾಸರಿ ಒಂದಕ್ಕಿಂತಲೂ ಕಡಿಮೆ ಸೇದುತ್ತ ಬಂದವರಲ್ಲಿ, ಎಂದೂ ಸೇದದವರಿಗಿಂತ ಮರಣದ ಅಪಾಯ ಶೇಕಡಾ 64ರಷ್ಟು ಹೆಚ್ಚೆಂದು ಅಮೇರಿಕೆಯ ಒಂದು ದೊಡ್ಡ ಅಧ್ಯಯನ 2017ರಲ್ಲಿ ತಿಳಿಸಿತು. ಬೀಡಿ ಗಾತ್ರದಲ್ಲಿ ಚಿಕ್ಕದೆಂದು ಸಮಾಧಾನಪಡುವಂತೆಯೂ ಇಲ್ಲ. ಅದು ಆರಿಹೋಗದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕಾಗುವುದರಿಂದ ವಿಷಾನಿಲವೂ ಕಿಟ್ಟವೂ ಎದೆಗೆ ಕಡಿಮೆಯೇನೂ ಇಳಿಯುವುದಿಲ್ಲ.

ಶರಣರು ತಂಬಾಕನ್ನು ಎಲ್ಲಿಯೂ ನಿಷೇಧಿಸಿಲ್ಲವೆಂದು ವಾದಿಸುವವರುಂಟು. ನಿಷೇಧಿಸುವುದೆಂತು? ಹನ್ನೆರಡನೆಯ ಶತಮಾನದಲ್ಲಿ ಈ ಗಿಡವೇ ನಮ್ಮ ನಾಡಿನಲ್ಲಿರಲಿಲ್ಲ. ಅಮೇರಿಕಾ ಖಂಡದ ಈ ಬೆಳೆಯನ್ನು ಪೋರ್ಚುಗೀಜರು ಇಲ್ಲಿಗೆ ತಂದುದು ಸುಮಾರು ನಾನೂರು ವರ್ಷಗಳ ತರುವಾಯ. ಆದರೆ ಅವರು ಒಂದು ಒರೆಗಲ್ಲನ್ನು ಬಿಟ್ಟುಹೋಗಿದ್ದಾರೆ. ಲಿಂಗವನ್ನು ಧರಿಸಿದ ಅಂಗವು ತನ್ನೊಬ್ಬನ ಸೊತ್ತಲ್ಲ. ಒಳಗೆ ಹೋಗುವುದೆಲ್ಲ ಅರ್ಪಿತವಾಗಿಯೇ ಹೋಗಬೇಕು. ಈ ಹೊಗೆಯನ್ನು ಕರಸ್ಥಲದ ಲಿಂಗಕ್ಕೆ ಅರ್ಪಿಸಬಲ್ಲೆನೆ? ಅಪರೂಪಕ್ಕೊಮ್ಮೆ ಎಂಬ ರಿಯಾಯಿತಿ ಅರ್ಪಿತಕ್ಕೆ ಇಲ್ಲ. ಬೀಡಿ ಹೊತ್ತಿಸುವ ಮುನ್ನ ಕೊರಳಿನ ಕರಡಿಗೆಯನ್ನು ಅಂಗಿಯೊಳಗೆ ಸರಿಸಿದ ಕೈ ತನ್ನ ಉತ್ತರವನ್ನು ಆಗಲೇ ಕೊಟ್ಟಿದೆ.

ಇನ್ನು ದಾಕ್ಷಿಣ್ಯ. ಕೇಡೆಂದು ಬಲ್ಲುದನ್ನು ಬೀಗರ ಕೈಗಿಡುವುದು ಸತ್ಕಾರವಾಗಲಾರದು. ಅವರೂ ಮನಸ್ಸಿಲ್ಲದೆ, ನಮ್ಮ ದಾಕ್ಷಿಣ್ಯಕ್ಕೆ ಹೊತ್ತಿಸುತ್ತಿರಬಹುದು! ಪಡಸಾಲೆಯಲ್ಲಿ ಇಬ್ಬರು ಹಿರಿಯರು ಹೀಗೆ ಪರಸ್ಪರ ಮರ್ಯಾದೆಗಾಗಿ ಹೊಗೆ ಬಿಡುತ್ತಿದ್ದರೆ, ಬಾಗಿಲಲ್ಲಿ ನಿಂತ ಬಾಲಕನು ಹೊಗೆಯನ್ನೂ ನುಂಗುತ್ತಾನೆ, ಪಾಠವನ್ನೂ ಕಲಿಯುತ್ತಾನೆ.

ಕಠಿಣವಾದುದು ಕಾಯಕದ ಮಾತು. ಹೊಲದಲ್ಲಿ ತೊಯ್ದ ಎಲೆ ಮುಟ್ಟಿ ತಲೆಸುತ್ತು, ವಾಂತಿ ಅನುಭವಿಸುವ ಕೂಲಿಯವನನ್ನೂ, ವಖಾರಿಯಲ್ಲಿ ಧೂಳು ಕುಡಿಯುವ ತಾಯಿಯನ್ನೂ ದೋಷಿಗಳೆನ್ನಲು ನನ್ನ ಲೇಖನಿ ಒಪ್ಪದು. ಅಷ್ಟೇ ಆದಾಯದ ಬೇರೆ ಬೆಳೆ, ಬೇರೆ ಕೆಲಸ ಅವರ ಮನೆಬಾಗಿಲಿಗೆ ಬರುವವರೆಗೆ ಅವರಿಗೆ ಆಯ್ಕೆಯೆಂಬುದು ಅಲ್ಪ. ಪಡಸಾಲೆಯಲ್ಲಿ ಕುಳಿತ ಗೃಹಸ್ಥನಿಗಾದರೋ ಅದು ಪೂರ್ಣವಾಗಿದೆ. ಬೀಗರು ಮುಂದೆ ಚಾಚಿದ ಕಟ್ಟಿಗೆ ಕೈಮುಗಿದು, “ಒಂದು ತಂಬಿಗೆ ನೀರು ಕೊಡಿರಿ, ಸಾಕು” ಎಂದರೆ ಸಂಬಂಧವೇನೂ ಮುರಿಯುವುದಿಲ್ಲ.