ಊರು ತೀರಿಸಬೇಕಾದ ಸಾಲ

‘ಊರಿಗೆ ಉಪಕಾರಿ, ಮನೆಗೆ ಮಾರಿ.’ ಕಂಡವರ ಮದುವೆಗೆ ಚಪ್ಪರ ಹಾಕಿಸಲು ಓಡಾಡುತ್ತಾ, ಪಕ್ಕದೂರಿನವನ ಕೋರ್ಟು ಕೆಲಸಕ್ಕೆ ತನ್ನ ಜೇಬಿನಿಂದಲೇ ಬಸ್ ಚಾರ್ಜು ಹಾಕುತ್ತಾ, ಸ್ವಂತ ಮನೆಯ ಹೆಂಚು ಸೋರುವುದನ್ನು ಮರೆತವನ ಮೇಲೆ ನಮ್ಮ ಹಳ್ಳಿಗಳಲ್ಲಿ ಬೀಳುವ ಮಾತಿದು. ಯುದ್ಧಭೂಮಿಯ ಸಾಕ್ಷ್ಯಚಿತ್ರಗಳನ್ನು ನೋಡುವ ಅಭ್ಯಾಸವಿರುವವರಿಗೆ ಈಚಿನ ವರ್ಷಗಳಲ್ಲಿ ಈ ಗಾದೆ ಪದೇ ಪದೇ ನೆನಪಾಗುತ್ತಿದೆ.

2022ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ‘ಮರಿಯುಪೊಲಿಸ್ 2’ ಪ್ರದರ್ಶನಗೊಂಡಾಗ, ಅದರ ನಿರ್ದೇಶಕ ಲಿಥುವೇನಿಯಾದ ಮಾಂಟಾಸ್ ಕ್ವೆಡಾರಾವಿಚಿಯಸ್ ಸತ್ತು ಎರಡು ತಿಂಗಳೂ ಆಗಿರಲಿಲ್ಲ. ರಷ್ಯಾದ ಸೇನೆ ಮುತ್ತಿದ್ದ ಉಕ್ರೇನಿನ ಮರಿಯುಪೋಲ್ ನಗರದಲ್ಲಿ, ಚರ್ಚೊಂದರಲ್ಲಿ ಆಸರೆ ಪಡೆದ ಜನರ ಜತೆ ಉಳಿದು ಅವರು ಚಿತ್ರೀಕರಣ ನಡೆಸಿದ್ದರು. ಅಲ್ಲಿಂದ ಅವರ ಶವವನ್ನೂ ಅವರು ಚಿತ್ರಿಸಿದ ಫೂಟೇಜನ್ನೂ ಹೊರತಂದವರು ಅವರನ್ನು ಮದುವೆಯಾಗಬೇಕಿದ್ದ ಹನ್ನಾ ಬಿಲೊಬ್ರೊವಾ. ಚಿತ್ರ ಪೂರ್ತಿಯಾಗಿ ತೆರೆಗೆ ಬಂದದ್ದೂ ಆಕೆ ಜತೆಗೆ ನಿಂತದ್ದರಿಂದ. ಮೂರು ವರ್ಷದ ಬಳಿಕ, 2025ರ ಏಪ್ರಿಲ್‌ನಲ್ಲಿ, ಗಾಜಾದ ಛಾಯಾಗ್ರಾಹಕಿ ಫಾತಿಮಾ ಹಸ್ಸೂನಾ ಇಸ್ರೇಲಿನ ದಾಳಿಯಲ್ಲಿ ಮನೆಮಂದಿಯೊಂದಿಗೆ ಬಲಿಯಾದರು. ಆಕೆಯ ಬದುಕನ್ನೇ ವಸ್ತುವಾಗಿಸಿಕೊಂಡ ಚಿತ್ರವೊಂದು ಕಾನ್‌ನಲ್ಲಿ ತೋರಿಸಲು ಆಯ್ಕೆಯಾಗಿದೆಯೆಂಬ ಸುದ್ದಿ ಬಂದದ್ದು ಅದರ ಹಿಂದಿನ ದಿನ. ಆಕೆಗೆ ಮದುವೆಯೂ ಗೊತ್ತಾಗಿತ್ತು. ಆದರೆ ಫಾತಿಮಾಗೆ ಈ ಗಾದೆ ಸಲ್ಲದು. ಅಲ್ಲಿ ಯುದ್ಧವೇ ಮನೆಯೊಳಗೆ ನುಗ್ಗಿತ್ತು. ಗಾದೆಯ ಬಿಸಿ ತಾಗುವುದು ಹೊಸ್ತಿಲು ದಾಟಿ ಹೋದವರಿಗೆ, ಹೋಗದೆಯೂ ಇರಬಹುದಾಗಿದ್ದವರಿಗೆ.

ಈ ಮಾತಿಗೆ ನಮ್ಮಲ್ಲಿ ಸಲೀಸಾಗಿ ಸಿಗುವ ಅರ್ಥ, ಇದು ಡಾಂಭಿಕನ ಮೇಲಿನ ಟೀಕೆ ಎಂಬುದು. ಹೊರಗೆ ಹೆಸರು ಮಾಡಲು ಉಪಕಾರದ ವೇಷ ಹಾಕುವವನು ಮನೆಯಲ್ಲಿ ತನ್ನ ನಿಜ ರೂಪ ತೋರಿಸುತ್ತಾನಂತೆ. ಇದು ಒಪ್ಪುವ ಮಾತಲ್ಲ. ಗಾದೆ ಅವನನ್ನು ಉಪಕಾರಿ ಎಂದೇ ಕರೆಯುತ್ತದೆ. ಊರಿಗೆ ಆದ ಉಪಕಾರವನ್ನು ಅದು ಎಲ್ಲೂ ಅಲ್ಲಗಳೆಯುವುದಿಲ್ಲ. ಅವನು ಬರೀ ನಾಟಕದವನಾಗಿದ್ದರೆ ಮನೆಯವರು ಬೈದು ಕೈತೊಳೆದುಕೊಳ್ಳುತ್ತಿದ್ದರು, ಈ ಸಂಕಟ ಇರುತ್ತಿರಲಿಲ್ಲ. ಇನ್ನು ಕೆಲವರು ಇದನ್ನು ‘ಮನೆ ಗೆದ್ದು ಮಾರು ಗೆಲ್ಲು’ ಎಂಬುದರ ಪಕ್ಕದಲ್ಲಿಟ್ಟು, ಮೊದಲು ಸಂಸಾರ, ಆಮೇಲೆ ಸಮಾಜ ಎಂದು ಬುದ್ಧಿ ಹೇಳುತ್ತಾರೆ. ಮನೆ ಗೆದ್ದು ಮುಗಿಯಿತು ಎನ್ನುವ ದಿನ ಯಾರ ಬಾಳಿನಲ್ಲೂ ಬರುವುದಿಲ್ಲ. ಆ ಲೆಕ್ಕದಲ್ಲಿ ಯಾರೂ ಎಲ್ಲಿಗೂ ಹೋಗಬೇಕಾಗಿಯೇ ಇಲ್ಲ.

ಗಾದೆಯ ಅರ್ಥ ಹಿಡಿಯಲು ಅದನ್ನು ಆಡುವವರು ಯಾರು ಎಂದು ಕೇಳಬೇಕು. ಇದು ಮನೆಯವರ ಮಾತು. ಅವನ ಗುಣವೂ ತಮ್ಮ ನಷ್ಟವೂ ಎರಡೂ ಗೊತ್ತಿರುವುದು ಅವರಿಗೆ ಮಾತ್ರ. ‘ಹೋಗಬೇಡ’ ಎಂದು ಅವರು ಹೇಳುತ್ತಿಲ್ಲ, ಹೇಳಿದ್ದರೆ ಗಾದೆ ಬೇರೆ ಇರುತ್ತಿತ್ತು. ಅವನು ಊರಿಗೆ ಕೊಟ್ಟದ್ದು ಪುಕ್ಕಟೆ ಬಂದದ್ದಲ್ಲ, ಅದರ ಬೆಲೆ ಈ ಮನೆಯಿಂದ ಹೋಗಿದೆ ಎನ್ನುತ್ತಿದ್ದಾರೆ. ಹಾಗಾದರೆ ಈ ಮಾತನ್ನು ಕೇಳಿಸಿಕೊಳ್ಳಬೇಕಾದವನು ಉಪಕಾರಿಯಲ್ಲ, ಊರು. ತಲೆತಲಾಂತರದಿಂದ ಊರು ಈ ಗಾದೆಯನ್ನು ಅವನ ಕಡೆಗೆ ತಿರುಗಿಸಿ, ತಾನು ಜಾರಿಕೊಂಡಿದೆ.

ಬ್ರಿಟನ್ನಿನ ಟಿಮ್ ಹೆದರಿಂಗ್ಟನ್ ಅವರ ಬದುಕನ್ನು ಮುಂದಿಟ್ಟುಕೊಂಡರೆ ಈ ಅರ್ಥ ಎಷ್ಟು ಸರಿಯೆಂದು ಕಾಣುತ್ತದೆ. 1970ರಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡ್‌ನಲ್ಲಿ ಸಾಹಿತ್ಯ ಓದಿ, ಕ್ಯಾಮೆರಾ ಹಿಡಿದು ಪಶ್ಚಿಮ ಆಫ್ರಿಕಾಕ್ಕೆ ಹೋದವರು. ಸಿಯೆರಾ ಲಿಯೋನ್‌ನ ಫ್ರೀಟೌನ್‌ನಲ್ಲಿರುವ ಅಂಧ ಮಕ್ಕಳ ಶಾಲೆಯಲ್ಲಿ ಅವರು ತೆಗೆದ ಚಿತ್ರಗಳು ಇಂದಿಗೂ ನೋಡುವವರನ್ನು ತಡೆದು ನಿಲ್ಲಿಸುತ್ತವೆ. 2003ರಲ್ಲಿ ಲೈಬೀರಿಯಾದ ಅಂತರ್ಯುದ್ಧದಲ್ಲಿ ಬಂಡುಕೋರರ ಜತೆ ಕಾಡಿನ ದಾರಿಯಲ್ಲಿ ನಡೆದು ಚಿತ್ರೀಕರಿಸುವಾಗ ಒಂದು ಘಟನೆ ನಡೆಯಿತು. ಬಂಡುಕೋರರು ತಮ್ಮ ಜತೆಗಿದ್ದ ವೈದ್ಯಕೀಯ ಸಹಾಯಕನೊಬ್ಬನನ್ನು ಗೂಢಚಾರನೆಂದು ಹಿಡಿದು ಗುಂಡಿಕ್ಕಲು ಹೊರಟರು. ಟಿಮ್ ಕ್ಯಾಮೆರಾದ ಹಿಂದೆ ನಿಲ್ಲಲಿಲ್ಲ. ಪಿಸ್ತೂಲು ಹಿಡಿದವನ ಬಳಿಗೆ ಹೋಗಿ, ಇವನೇ ಇಲ್ಲದಿದ್ದರೆ ಗಾಯಾಳುಗಳನ್ನು ನೋಡುವವರು ಯಾರೆಂದು ಅಂಗಲಾಚಿದರು. ಆ ಮನುಷ್ಯ ಬದುಕಿದ. ಪತ್ರಕರ್ತ ನಡುವೆ ಬರಬಾರದೆಂಬ ನಿಯಮವನ್ನು ಕಲಿಸುವ ತರಗತಿಗಳಲ್ಲಿ ಈ ದೃಶ್ಯವನ್ನು ತೋರಿಸಬೇಕು.

ಯುದ್ಧ ಮುಗಿದ ಮೇಲೂ ಅವರು ಗಂಟುಮೂಟೆ ಕಟ್ಟಲಿಲ್ಲ. ವರ್ಷಗಟ್ಟಲೆ ಅಲ್ಲೇ ಇದ್ದರು. ಲೈಬೀರಿಯಾದ ಮೇಲಿನ ನಿರ್ಬಂಧಗಳ ಉಸ್ತುವಾರಿ ನೋಡುವ ವಿಶ್ವಸಂಸ್ಥೆಯ ಸಮಿತಿಗಾಗಿ ತನಿಖಾಧಿಕಾರಿಯಾಗಿ ದುಡಿದರು. ಆಮೇಲೆ ಬಂದದ್ದು ಅಫ್ಘಾನಿಸ್ತಾನದ ಕೊರೆಂಗಲ್ ಕಣಿವೆ. ಲೇಖಕ ಸೆಬಾಸ್ಟಿಯನ್ ಯಂಗರ್ ಜತೆ ಅಮೆರಿಕನ್ ಸೈನಿಕರ ಗುಡ್ಡದ ಠಾಣೆಯಲ್ಲಿ ಕಳೆದ ತಿಂಗಳುಗಳಿಂದ ‘ರೆಸ್ಟ್ರೆಪೊ’ ಎಂಬ ಸಾಕ್ಷ್ಯಚಿತ್ರ ಹುಟ್ಟಿತು. ಅಲ್ಲಿ ಒಂದು ರಾತ್ರಿ ಕಾಲಿನ ಮೂಳೆ ಮುರಿದಾಗಲೂ ಟಿಮ್, ತನ್ನಿಂದ ತುಕಡಿ ತಡವಾಗಬಾರದೆಂದು ಗುಡ್ಡ ಇಳಿದು ನಡೆದಿದ್ದರು. ಚಿತ್ರಕ್ಕೆ 2010ರಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಬಂತು, ಮರುವರ್ಷ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು.

ಅದೇ 2010ರಲ್ಲಿ ಅವರು ‘ಡೈರಿ’ ಎಂಬ ಹತ್ತೊಂಬತ್ತು ನಿಮಿಷದ ಚಿತ್ರವನ್ನೂ ಮಾಡಿದರು. ಹತ್ತು ವರ್ಷದ ಯುದ್ಧ ವರದಿಗಾರಿಕೆಯ ನಂತರ ತಾನು ಎಲ್ಲಿದ್ದೇನೆಂದು ಹುಡುಕಿಕೊಳ್ಳಲು ಮಾಡಿದ ಚಿತ್ರ ಅದೆಂದು ಅವರೇ ಹೇಳಿಕೊಂಡಿದ್ದರು. ಅದರಲ್ಲಿ ವಿವರಣೆಯ ದನಿಯಿಲ್ಲ. ತವರಿನ ದಿನಗಳೂ ದೂರದ ಯುದ್ಧಗಳೂ ಒಂದರೊಳಗೊಂದು ಹೊಕ್ಕು ಹೊರಡುತ್ತವೆ, ಯಾವ ಕಡೆಗೂ ಪೂರ್ತಿ ಸೇರದ ಮನುಷ್ಯನೊಬ್ಬ ಆ ನಡುವೆ ಸಿಕ್ಕಿಕೊಂಡಿದ್ದಾನೆ. ‘ರೆಸ್ಟ್ರೆಪೊ’ವನ್ನು ಹೊಗಳುವವರು ಬಹಳ ಮಂದಿ. ಟಿಮ್ ಅವರ ಒಳಗನ್ನು ತಿಳಿಯಲು ‘ಡೈರಿ’ಯೇ ಬೇಕು. ಆಗ ಅವರ ವಯಸ್ಸು ನಲವತ್ತರ ಆಸುಪಾಸು. ನ್ಯೂಯಾರ್ಕಿನಲ್ಲಿ ನೆಲೆಸಿದ್ದರು, ಪ್ರೀತಿಸುವ ಗೆಳತಿ ಇದ್ದರು. ಸಂಸಾರ ಹೂಡುವ ಆಸೆಗೂ ಕೆಲಸದ ಸೆಳೆತಕ್ಕೂ ನಡುವೆ ಅವರು ತೂಗಾಡುತ್ತಿದ್ದರೆಂದು ಹತ್ತಿರದವರು ಹೇಳಿದ್ದಾರೆ.

ಆಸ್ಕರ್ ಸಮಾರಂಭ ನಡೆದದ್ದು 2011ರ ಫೆಬ್ರುವರಿ ಕೊನೆಗೆ. ಏಪ್ರಿಲ್‌ನಲ್ಲಿ ಟಿಮ್ ಲಿಬಿಯಾದ ಮಿಸ್ರಾತಾದಲ್ಲಿದ್ದರು. ಸರ್ವಾಧಿಕಾರಿ ಗಡಾಫಿಯ ಸೇನೆ ಮುತ್ತಿದ್ದ ಆ ಊರಿಗೆ ಸಮುದ್ರದಿಂದ ಮಾತ್ರ ದಾರಿ. ಏಪ್ರಿಲ್ 20ರಂದು ಟ್ರಿಪೋಲಿ ಬೀದಿಯ ಬಳಿ ಸ್ಫೋಟವೊಂದರ ಲೋಹದ ಚೂರು ಅವರ ತೊಡೆಸಂದಿಗೆ ಹೊಕ್ಕಿತು. ಅವರ ಜತೆಗಿದ್ದ ಅಮೆರಿಕದ ಛಾಯಾಗ್ರಾಹಕ ಕ್ರಿಸ್ ಹಾಂಡ್ರೋಸ್ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. ಟಿಮ್ ಅವರನ್ನು ಪಿಕಪ್ ಗಾಡಿಯ ಹಿಂಬದಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಧಾವಿಸಿದರು, ದಾರಿಯಲ್ಲೇ ರಕ್ತ ಬಸಿದು ಪ್ರಾಣ ಹೋಯಿತು. ನಿರಾಶ್ರಿತರನ್ನು ಸಾಗಿಸಲು ಬಂದಿದ್ದ ಹಡಗಿನಲ್ಲೇ ಇಬ್ಬರ ಶವಗಳೂ ಬೆಂಗಾಝಿಗೆ ಹೊರಟವು.

ಊರು ಉಪಕಾರ ಮರೆಯಲಿಲ್ಲ. ಲಿಬಿಯಾದ ಅಜ್ದಾಬಿಯಾ ಪಟ್ಟಣದ ಜನ ತಮ್ಮ ದೊಡ್ಡ ಚೌಕಕ್ಕೆ ಟಿಮ್ ಹೆಸರಿಟ್ಟರು. ಅದು ಮನಸಾರೆ ಸಂದ ಗೌರವ, ಅದನ್ನು ಕಡೆಗಣಿಸುವಂತಿಲ್ಲ. ಅತ್ತ ಬ್ರೂಕ್ಲಿನ್‌ನಲ್ಲಿ, ಹಾಂಡ್ರೋಸ್ ಅವರ ಮದುವೆ ನಡೆಯಬೇಕಿದ್ದ ಚರ್ಚಿನಲ್ಲೇ ಅವರ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆಯಿತು. ಗಾದೆಯ ಎರಡು ತುದಿಗಳು ಇವು. ಚೌಕಕ್ಕೆ ಹೆಸರಿಡುವುದು ಊರಿನ ಕೈಯಲ್ಲಾಗುವ ಕೆಲಸ. ಮನೆಗೆ ಆದ ನಷ್ಟ ತುಂಬುವುದು ಯಾರ ಕೈಯಲ್ಲೂ ಆಗದು. ಈ ಎರಡರ ನಡುವೆ ಊರು ಮಾಡಬಹುದಾಗಿದ್ದ, ಮಾಡದೆ ಬಿಟ್ಟ ಕೆಲಸಗಳು ಬೇಕಾದಷ್ಟಿವೆ.

ಲಿಬಿಯಾಕ್ಕೆ ಟಿಮ್ ಜತೆ ತಾವೂ ಹೋಗಬೇಕಿದ್ದ ಯಂಗರ್ ಕೊನೆ ಗಳಿಗೆಯಲ್ಲಿ ಉಳಿದುಕೊಂಡಿದ್ದರು. ಅಂಥ ಗಾಯಕ್ಕೆ ಸುತ್ತಲಿದ್ದವರಿಗೆ ಪ್ರಥಮ ಚಿಕಿತ್ಸೆ ಗೊತ್ತಿದ್ದರೆ ಟಿಮ್ ಬದುಕುವ ಸಾಧ್ಯತೆ ಇತ್ತೆಂದು ಆಮೇಲೆ ಅವರಿಗೆ ತಿಳಿಯಿತು. ತೋಳಿಗೋ ಕಾಲಿಗೋ ಪೆಟ್ಟಾದರೆ ಬಿಗಿಪಟ್ಟಿ ಕಟ್ಟಬಹುದು. ತೊಡೆಸಂದಿಗೆ ಪಟ್ಟಿ ಬಿಗಿಯಲಾಗದು. ಗಾಯದೊಳಕ್ಕೆ ಬಟ್ಟೆ ತುರುಕಿ, ಮೈಭಾರವನ್ನೆಲ್ಲ ಹಾಕಿ ಒತ್ತಿ ಹಿಡಿಯಬೇಕು, ಕೈ ತೆಗೆಯಬಾರದು. ಇಷ್ಟನ್ನು ಕಲಿಯಲು ಕೆಲವೇ ದಿನ ಸಾಕು. ಯಂಗರ್ ಯುದ್ಧ ವರದಿಗಾರಿಕೆ ಬಿಟ್ಟರು. ಒಂದು ಸಾವು ಸತ್ತವನ ಸುತ್ತಲಿನವರಿಗೆ ಏನು ಮಾಡುತ್ತದೆಂದು ಕಣ್ಣಾರೆ ಕಂಡ ಮೇಲೆ ಅದು ಬೇಡವಾಯಿತು. ಫ್ರೀಲಾನ್ಸ್ ಪತ್ರಕರ್ತರಿಗೆ ಜೀವ ಉಳಿಸುವ ತರಬೇತಿಯನ್ನು ಉಚಿತವಾಗಿ ಕೊಡುವ ‘ರಿಸ್ಕ್’ ಎಂಬ ಸಂಸ್ಥೆ ಕಟ್ಟಿದರು. ಕಲಿತವರ ಕೈಗೆ ಔಷಧದ ಚೀಲವನ್ನೂ ಕೊಟ್ಟು ಕಳಿಸಿದರು. ಊರಿನವನೊಬ್ಬ ಸಾಲ ತೀರಿಸಲು ಕೂತರೆ ಹೇಗಿರುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಇದನ್ನು ಮಾಡಲು ಒಬ್ಬ ಗೆಳೆಯ ಸಾಯಬೇಕಾಗಿ ಬಂತು, ಮಾಡಿದವನೂ ಗೆಳೆಯನೇ. ಯುದ್ಧದ ಚಿತ್ರಗಳನ್ನು ಕೊಂಡು ಮಾರುವ ದೊಡ್ಡ ಮಾಧ್ಯಮಗಳು ಅದಕ್ಕೂ ಎಷ್ಟೋ ವರ್ಷ ಮೊದಲೇ ಮಾಡಬೇಕಿದ್ದ ಕೆಲಸವಿದು.

ಮನೆಯನ್ನೇ ರಣರಂಗಕ್ಕೆ ಕರೆದೊಯ್ದರೆ ಈ ಇಕ್ಕಟ್ಟು ತೀರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರು ತೋರಿಸುವ ಉದಾಹರಣೆ 2019ರ ‘ಫಾರ್ ಸಮಾ’. ಸಿರಿಯಾದ ಅಲೆಪ್ಪೊದಲ್ಲಿ ವಾದ್ ಅಲ್-ಕತೀಬ್ ತನ್ನ ಎಳೆಗೂಸಿಗೆ ಪತ್ರ ಬರೆದಂತೆ ಕಟ್ಟಿದ ಚಿತ್ರ. ಗಂಡ ಹಂಝಾ ಮುತ್ತಿಗೆಯೊಳಗೆ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ. 2016ರಲ್ಲಿ ಕಾಯಿಲೆ ಬಿದ್ದ ಮಾವನನ್ನು ನೋಡಲು ಟರ್ಕಿಗೆ ಹೋದವರು, ಕೂಸನ್ನು ಎತ್ತಿಕೊಂಡೇ ಬಾಂಬು ಬೀಳುವ ಊರಿಗೆ ಮರಳಿದರು. ಅವರ ಧೈರ್ಯಕ್ಕೆ ಎರಡು ಮಾತಿಲ್ಲ. ಆದರೆ ಆ ಚಿತ್ರದಲ್ಲೇ ಇನ್ನೊಂದು ಸಂಗತಿ ಬಂದು ಹೋಗುತ್ತದೆ. ಹಂಝಾಗೆ ಮೊದಲು ಬೇರೊಬ್ಬ ಹೆಂಡತಿ ಇದ್ದರು. ಸಿರಿಯಾ ಬಿಟ್ಟು ಆಕೆಯೊಂದಿಗೆ ಹೋಗುವುದೋ ಉಳಿಯುವುದೋ ಎಂಬ ಪ್ರಶ್ನೆ ಎದ್ದಾಗ ಆತ ಅಲೆಪ್ಪೊದಲ್ಲೇ ಉಳಿದರು. ಆ ಹೆಣ್ಣುಮಗಳ ಪಾಲಿನ ಕತೆಯನ್ನು ಯಾರೂ ಚಿತ್ರ ಮಾಡಿಲ್ಲ. ಹಂಝಾ ಮಾಡಿದ್ದು ತಪ್ಪೆನ್ನಲು ಬಾಯಿ ಬರದು, ಅವರ ಆಸ್ಪತ್ರೆಯಲ್ಲಿ ಉಳಿದ ಜೀವಗಳು ಒಂದೆರಡಲ್ಲ. ಆದರೂ ಮನೆಯನ್ನು ಜತೆಗೊಯ್ದರೆ ಲೆಕ್ಕ ಚುಕ್ತಾ ಆಯಿತೆನ್ನುವ ವಾದ ಅಲ್ಲಿ ನಿಲ್ಲುವುದಿಲ್ಲ.

ಲಿಬಿಯಾದಲ್ಲೇ ಟಿಮ್‌ಗಿಂತ ಎರಡು ವಾರ ಮೊದಲು ದಕ್ಷಿಣ ಆಫ್ರಿಕಾದ ಛಾಯಾಗ್ರಾಹಕ ಆಂಟನ್ ಹ್ಯಾಮರ್ಲ್ ಬ್ರೇಗಾ ಬಳಿ ಗುಂಡಿಗೆ ಬಲಿಯಾಗಿದ್ದರು. ಅವರು ಫ್ರೀಲಾನ್ಸ್. ಸೆರೆಸಿಕ್ಕ ಸಂಗಡಿಗರು ಬಿಡುಗಡೆಯಾಗಿ ಮೇ ತಿಂಗಳಲ್ಲಿ ಬಾಯಿಬಿಡುವವರೆಗೂ ಅವರ ಮಡದಿ, ಚಿಕ್ಕ ಮಕ್ಕಳು ಅವರು ಬದುಕಿದ್ದಾರೆಂದೇ ನಂಬಿದ್ದರು. ಮನೆಗೆ ನಿಜ ಹೇಳುವ ಹೊಣೆ ಯಾರದೂ ಆಗಿರಲಿಲ್ಲ. ಅಂದು ಸೆರೆಸಿಕ್ಕವರಲ್ಲಿ ಒಬ್ಬರು ಜೇಮ್ಸ್ ಫೋಲಿ. 2014ರಲ್ಲಿ ಸಿರಿಯಾದಲ್ಲಿ ಅವರ ಕೊಲೆಯಾಯಿತು. ಆ ಬಳಿಕವೇ, 2015ರಲ್ಲಿ, ಫ್ರೀಲಾನ್ಸ್ ಪತ್ರಕರ್ತರನ್ನೂ ಸ್ವಂತ ನೌಕರರಷ್ಟೇ ಕಾಳಜಿಯಿಂದ ನೋಡಬೇಕೆಂಬ ಸುರಕ್ಷತಾ ಸೂತ್ರಗಳಿಗೆ ಸುದ್ದಿಸಂಸ್ಥೆಗಳು ಸಹಿ ಹಾಕಿದ್ದು.

ಸಹಿ ಹಾಕಿದರೆ ಸಾಲದು. ಯುದ್ಧ, ಕ್ಷಾಮ, ನೆರೆಗಳಲ್ಲಿ ಚಿತ್ರೀಕರಿಸುವವರ ಫೂಟೇಜು ಕೊಳ್ಳುವ ಚಾನೆಲ್ಲು, ಅವರ ಚಿತ್ರಗಳಿಂದಲೇ ದೇಣಿಗೆ ಎತ್ತುವ ಪರಿಹಾರ ಸಂಸ್ಥೆ, ಕೆಂಪು ಹಾಸು ಹಾಸುವ ಚಿತ್ರೋತ್ಸವ, ಈ ಮೂರೂ ಗಾದೆಯಲ್ಲಿನ ಊರೇ. ಒಪ್ಪಂದದಲ್ಲಿ ವಿಮೆ ಬರೆಯಬೇಕು. ಹೊರಡುವ ಮೊದಲು ಪ್ರಥಮ ಚಿಕಿತ್ಸೆಯ ತರಬೇತಿ ಆಗಿರಬೇಕು, ಅದರ ಖರ್ಚು ಕಳಿಸುವವರದು. ಅನಾಹುತವಾದರೆ ಮನೆಗೆ ಮೊದಲು ಫೋನ್ ಮಾಡುವವರು ಯಾರು, ಯಾವ ನಂಬರಿಗೆ ಎಂಬುದು ಕಾಗದದ ಮೇಲಿರಬೇಕು. ಮದುವೆಯಾಗದ ಸಂಗಾತಿಯ ಹೆಸರನ್ನೂ ಆ ಕಾಗದದಲ್ಲಿ ಸೇರಿಸಲು ಜಾಗ ಬಿಡಬೇಕು. ಮರಿಯುಪೋಲಿನಲ್ಲಿ ಹನ್ನಾ ಮಾಡಿದ ಕೆಲಸವನ್ನು ಕಂಡ ಮೇಲೆ, ‘ಅವರು ಕುಟುಂಬದವರಲ್ಲ’ ಎಂದು ಯಾವ ಸಂಸ್ಥೆಯೂ ಇನ್ನು ಹೇಳಕೂಡದು.