ಇಳಿದು ಬಂದವನ ವಿವೇಕ

ಮಳೆಗೆ ಮುಂಚೆ ಮನೆ ಸೇರಿದವನನ್ನು ನಾವು ಜಾಣನೆನ್ನುತ್ತೇವೆ. ನೆನೆದು ಬಂದವನನ್ನು ಕಂಡರೆ, ‘ಮೋಡ ಕಾಣಲಿಲ್ಲವೆ?’ ಎಂದು ಕೇಳುತ್ತೇವೆ. ಮುನ್ನೆಚ್ಚರಿಕೆ ಒಂದು ಸದ್ಗುಣವೆಂದೇ ನಾನೂ ಬಹುಕಾಲ ನಂಬಿದ್ದೆ. ಮೊನ್ನೆ ಆಶ್ಲೇಷಾ ಮಳೆಯ ದಿನಗಳಲ್ಲಿ ಮುಡುಕುತೊರೆಯ ಬೆಟ್ಟ ಹತ್ತಿ ಇಳಿದ ಮೇಲೆ ಆ ನಂಬಿಕೆ ಸ್ವಲ್ಪ ಸಡಿಲವಾಗಿದೆ.

ತಿ. ನರಸೀಪುರದ ಬಂಧುಗಳ ಮನೆಯಲ್ಲಿ ರಾತ್ರಿ ತಂಗಿದ್ದವನು, ನಸುಕಿನ ಬಸ್ಸು ಹಿಡಿದು ತಲಕಾಡಿನ ದಾರಿಯಲ್ಲಿರುವ ಆ ಬೆಟ್ಟಕ್ಕೆ ಹೋದೆ. ಹೊತ್ತೇರುವುದರೊಳಗೆ ಬಿರುಮಳೆ ಬರುವುದೆಂದು ಹಿಂದಿನ ದಿನವೇ ವಾರ್ತೆಯಾಗಿತ್ತು. ಬೆಟ್ಟವೇನೂ ದೊಡ್ಡದಲ್ಲ, ನಾಲ್ಕು ಕಡೆ ನಿಂತು ಉಸಿರು ತೆಗೆದುಕೊಂಡರೂ ಬೇಗನೆ ಮೇಲೆ ತಲುಪಬಹುದು. ತುದಿಯಲ್ಲಿ, ತಲಕಾಡಿನ ಪಂಚಲಿಂಗಗಳಲ್ಲೊಂದಾದ ಮಲ್ಲಿಕಾರ್ಜುನನ ಗುಡಿ. ಕೆಳಗೆ ಕಾವೇರಿ ಮೈ ತಿರುಗಿಸಿ ಹರಿಯುತ್ತಾಳೆ. ಆ ತಿರುವಿನಿಂದಲೇ ಊರಿಗೆ ಮುಡುಕುತೊರೆಯೆಂಬ ಹೆಸರು ಬಂತೆನ್ನುತ್ತಾರೆ. ಆ ನೀರಿನಲ್ಲಿ ಒಂದು ಪಾಲು ನಮ್ಮ ನಂಜನಗೂಡಿನ ಸೋಪಾನಗಳನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿದ ಕಪಿಲೆಯದು.

ಪಶ್ಚಿಮದಲ್ಲಿ ಮೋಡ ಕಪ್ಪಿಟ್ಟಿತು. ನಾನು ತಡಮಾಡದೆ ಇಳಿಯತೊಡಗಿದೆ. ಅರ್ಧ ದಾರಿಯಲ್ಲಿ, ಐದಾರು ಆಡುಗಳನ್ನು ಹೊಡೆದುಕೊಂಡು ಮೇಲೆ ಬರುತ್ತಿದ್ದ ಮುದುಕಿಯೊಬ್ಬಳು ಎದುರಾದಳು.

“ಮಳೆ ಬರುವ ಹಾಗಿದೆಯಲ್ಲಮ್ಮ, ಈಗ ಮೇಲಕ್ಕೆ ಹೊರಟಿರಲ್ಲ?” ಎಂದೆ.

“ಗೊತ್ತು ಸಾಮಿ. ಇಳಿದ್ರ ನಿಮ್ಗ ಮನ ಅದ. ನನ್ ಮನ ಸೋರ್ತದ. ಅಲ್ಲಿದ್ರೂ ನೆನೀಬೇಕು, ಇಲ್ಲಿದ್ರೂ ನೆನೀಬೇಕು. ಆಡಾದ್ರೂ ಹೊಟ್ಟ ತುಂಬ ಮೇಯ್ಲಿ” ಎಂದು ಆಕೆ ನಕ್ಕು ಮುಂದೆ ಹೋದಳು.

ಮೋಡವನ್ನು ಆಕೆ ನನಗಿಂತ ಚೆನ್ನಾಗಿಯೇ ಓದಿದ್ದಳು. ಇಬ್ಬರ ತಿಳಿವಳಿಕೆಯೂ ಒಂದೇ. ಆ ತಿಳಿವಳಿಕೆಯಿಂದ ಪ್ರಯೋಜನ ಪಡೆಯುವ ಅನುಕೂಲ ಮಾತ್ರ ನನ್ನೊಬ್ಬನದು. ಹಾಗಾದರೆ ನಾನು ವಿವೇಕವೆಂದು ಬೀಗುತ್ತಿದ್ದುದು ನನ್ನ ಗುಣವೋ, ನನ್ನ ಸೂರೋ?

ಆಗ 2019ರ ಆಗಸ್ಟ್ ನೆನಪಾಯಿತು. ವಯನಾಡಿನ ಘಟ್ಟಗಳಲ್ಲಿ ಮಳೆ ಸುರಿದು ಕಬಿನಿ ತುಂಬಿತ್ತು. ಅಣೆಕಟ್ಟಿನಿಂದ ಲಕ್ಷ ಕ್ಯೂಸೆಕ್ಕಿಗೂ ಮಿಕ್ಕಿ ನೀರು ಬಿಟ್ಟರು. ನಂಜನಗೂಡಿನ ಹದಿನಾರು ಕಾಲು ಮಂಟಪ ಮುಳುಗಿತು. ಮಲ್ಲನಮೂಲೆಯ ಬಳಿ ಮೈಸೂರಿನ ರಸ್ತೆಯೇ ಹೊಳೆಯಾಯಿತು. ತಗ್ಗಿನ ಕೇರಿಗಳವರಿಗೆ ಮನೆ ಬಿಡಿರೆಂದು ಮುಂಚೆಯೇ ಸಾರಲಾಗಿತ್ತು. ನೀರು ಹೊಸ್ತಿಲಿಗೆ ಬಂದರೂ ಕೆಲವರು ಕದಲಲಿಲ್ಲ. ‘ಎಷ್ಟು ಹೇಳಿದರೂ ಈ ಜನಕ್ಕೆ ಬುದ್ಧಿ ಬಾರದು’ ಎಂದು, ಎತ್ತರದ ಬೀದಿಯ ನಮ್ಮ ಮನೆಯಲ್ಲಿ ಕುಳಿತು, ಕಾಫಿ ಕುಡಿಯುತ್ತ ನಾನು ಹೇಳಿದ್ದುಂಟು. ಗಂಜಿಕೇಂದ್ರದಲ್ಲಿ ಮನುಷ್ಯನಿಗೆ ಅನ್ನ ಸಿಕ್ಕೀತು. ಆಡಿಗೆ, ಕೋಳಿಗೆ, ಹೊಲಿಗೆಯಂತ್ರಕ್ಕೆ ಜಾಗವೆಲ್ಲಿ? ಅವರು ಹೊರಡದಿದ್ದುದು ಮೊಂಡುತನವಲ್ಲ, ಲೆಕ್ಕಾಚಾರ. ಆ ವಾರವೆಲ್ಲ ನಮ್ಮ ಮಹಡಿಯ ಕೋಣೆ ಖಾಲಿಯಿತ್ತು, ಹಿತ್ತಲೂ ಖಾಲಿಯಿತ್ತು. ಯಾರನ್ನೂ ಕರೆಯಬೇಕೆಂದು ನನಗೆ ತೋರಲೇ ಇಲ್ಲ.

ಹಾಗೆಂದು, ನೆರೆ ಬಂದಾಗ ಮನೆಯಲ್ಲೇ ಕೂತಿರುವುದು ಸರಿಯೆಂದು ನಾನು ಹೇಳುತ್ತಿಲ್ಲ. ಮುಳುಗುವ ಮನೆಯನ್ನು ಬಿಡಲೇಬೇಕು; ಜೀವಕ್ಕಿಂತ ಆಡು ದೊಡ್ಡದಲ್ಲ. ಆದರೆ ‘ಬಿಡು’ ಎನ್ನುವವನು ‘ಇಲ್ಲಿಗೆ ಬಾ’ ಎಂದೂ ಹೇಳಬೇಕಾಗುತ್ತದೆ. ಎರಡನೆಯ ಮಾತಿಲ್ಲದ ಮೊದಲನೆಯ ಮಾತು ಬರಿಯ ಉಪದೇಶ. ನಮ್ಮ ಕಸುಬಿನವರಿಗೆ ಅದು ಸುಲಭವಾಗಿ ಬರುತ್ತದೆ. ತನ್ನನ್ನು ಮಾತ್ರ ಒಣಗಿಸಿಟ್ಟುಕೊಳ್ಳುವ ಮುನ್ನೆಚ್ಚರಿಕೆಗೆ ಜಾಣತನವೆಂಬ ಹೆಸರು ಸಾಕು. ಇನ್ನೊಬ್ಬನಿಗೂ ಸೂರನ್ನು ಮೊದಲೇ ಯೋಚಿಸಿದಾಗಲೇ ಅದು ಗುಣವಾಗುವುದು.

ಬಸ್ಸು ಬರುವಷ್ಟರಲ್ಲಿ ಹನಿ ದಪ್ಪವಾಯಿತು. ನಾನು ಒಣಗಿಯೇ ಒಳಗೆ ಕುಳಿತೆ. ಕಿಟಕಿಯಿಂದ ನೋಡಿದರೆ ಬೆಟ್ಟ ಆಗಲೇ ಮಳೆಯಲ್ಲಿ ಮರೆಯಾಗಿತ್ತು. ಆಕೆಯನ್ನು, ‘ಮಳೆ ನಿಲ್ಲುವವರೆಗೆ ಗುಡಿಯ ಜಗುಲಿಯಲ್ಲಾದರೂ ನಿಲ್ಲಿ’ ಎಂದು ಕೂಡ ಹೇಳದೆ ಬಂದಿದ್ದೆನಲ್ಲ ಎಂಬುದು ಆಗ ಹೊಳೆಯಿತು. ಊರಿಗೆ ಮರಳಿದವನು ಮಹಡಿಯ ಕೋಣೆಯ ಹಳೆಯ ಸಾಮಾನುಗಳನ್ನು ಒತ್ತಟ್ಟಿಗೆ ಸರಿಸಿ, ಕಸ ಗುಡಿಸಿದೆ. ಕಪಿಲೆ ಆ ಸಂಜೆ ಇನ್ನೂ ತನ್ನ ಪಾತ್ರದಲ್ಲೇ ಹರಿಯುತ್ತಿದ್ದಳು.