ಯಜಮಾನನಿಗೆ ‘ಆಗದು’ ಎನ್ನುವ ಉದ್ಯೋಗ

ವಿಧೇಯತೆ ಎಂಬುದು ನಮ್ಮ ಕುಟುಂಬಗಳಿಗೆ ಚಿರಪರಿಚಿತವಾದ ಪದ. ಮಕ್ಕಳಿಗೆ ನಾವು ಮೊದಮೊದಲು ಕಲಿಸುವ ಗುಣಗಳಲ್ಲಿ ಅದೂ ಒಂದು. ಆದರೆ ಯಾರಿಗೆ ವಿಧೇಯರಾಗಬೇಕು, ಎಲ್ಲಿಯವರೆಗೆ ಎಂಬುದನ್ನು ನಾವು ಅಷ್ಟಾಗಿ ಕಲಿಸುವುದಿಲ್ಲ. ಇಂದು ಬ್ಯಾಂಕುಗಳಲ್ಲಿಯೂ ದೊಡ್ಡ ಕಂಪನಿಗಳಲ್ಲಿಯೂ ಈ ಪ್ರಶ್ನೆಯನ್ನು ದಿನನಿತ್ಯ ಎದುರಿಸುವುದಕ್ಕಾಗಿಯೇ ಒಬ್ಬರನ್ನು ನೇಮಿಸಿರುತ್ತಾರೆ. ಅವರೇ ಕಂಪ್ಲಯನ್ಸ್ ಆಫೀಸರ್. ಸಂಸ್ಥೆಯ ವ್ಯವಹಾರವು ಕಾನೂನಿಗೆ ಅನುಗುಣವಾಗಿ ನಡೆಯುತ್ತಿದೆಯೇ ಎಂದು ನೋಡುವುದು, ಇಲ್ಲವಾದಲ್ಲಿ ಅದನ್ನು ಮೇಲಿನವರಿಗೆ ತಿಳಿಸುವುದು ಅವರ ಕರ್ತವ್ಯ.

ಇಲ್ಲೊಂದು ವಿಚಿತ್ರವಿದೆ. ಸಂಬಳ ಕೊಡುವವನಿಗೇ ‘ಇದು ಆಗದು’ ಎಂದು ಹೇಳಬೇಕಾದವನು ಸಂಬಳ ಪಡೆಯುವವನು. ಅನ್ನದ ಋಣ ಎಂಬ ಮಾತನ್ನು ಕೇಳುತ್ತ ಬೆಳೆದ ನಮಗೆ ಇದು ದ್ರೋಹದಂತೆ ತೋರುವುದೂ ಉಂಟು. ಆದರೆ ಬ್ಯಾಂಕಿನಲ್ಲಿರುವ ಹಣ ಅದರ ಅಧಿಕಾರಿಗಳದ್ದಲ್ಲ. ಅನ್ನದ ಋಣದ ಜಾಡು ಹಿಡಿದು ಹೊರಟರೆ ನಾವು ತಲುಪುವುದು ಮ್ಯಾನೇಜರರ ಕೊಠಡಿಯನ್ನಲ್ಲ, ಮಗಳ ಮದುವೆಗೆಂದು ಠೇವಣಿ ಇಟ್ಟ ತಾಯಿಯ ಮನೆಯನ್ನು.

ನಿಯಮ ರೂಪಿಸುವವರಿಗೂ ಈ ಕಷ್ಟ ತಿಳಿದಿದೆ. 2020ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯು ಬ್ಯಾಂಕುಗಳ ಮುಖ್ಯ ಕಂಪ್ಲಯನ್ಸ್ ಅಧಿಕಾರಿಗೆ ಕನಿಷ್ಠ 3 ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. ಅವಧಿಗೆ ಮುನ್ನ ಅವರನ್ನು ವರ್ಗಾಯಿಸಲು ಆಡಳಿತ ಮಂಡಳಿಯ ಮಟ್ಟದ ಪೂರ್ವಾನುಮತಿ ಬೇಕು, ವ್ಯಾಪಾರದ ಗುರಿಗಳನ್ನು ಅವರ ಮೇಲೆ ಹೊರಿಸಕೂಡದು ಎಂದಿತು. ವಿವೇಕದ ಏರ್ಪಾಡು ಇದು.

ಆದರೂ ನನಗೊಂದು ಶಂಕೆ. ಇಂತಹ ಅಧಿಕಾರಿ ಇದ್ದಾರೆ ಎಂಬ ಕಾರಣಕ್ಕೇ ಉಳಿದವರೆಲ್ಲರೂ ನಿಶ್ಚಿಂತರಾಗಿಬಿಡುವರೇನೋ! ‘ಅದೆಲ್ಲ ಕಂಪ್ಲಯನ್ಸ್‌ನವರು ನೋಡಿಕೊಳ್ಳುತ್ತಾರೆ’ ಎಂಬ ಮಾತು ಕಿವಿಗೆ ಹಿತವಾಗಿದೆ. ಕಸ ಗುಡಿಸುವ ಕೆಲಸವನ್ನು ಹೀಗೆ ಒಬ್ಬರಿಗೆ ಒಪ್ಪಿಸಬಹುದು. ಮನಸ್ಸಾಕ್ಷಿಯನ್ನು ಒಂದು ವಿಭಾಗಕ್ಕೆ ಒಪ್ಪಿಸಲಾದೀತೇ?

ಅಮೆರಿಕದ ವರ್ಲ್ಡ್‌ಕಾಮ್ ಎಂಬ ದೂರಸಂಪರ್ಕ ಕಂಪನಿಯಲ್ಲಿ ನಡೆದುದನ್ನು ಗಮನಿಸಿ. ಅಲ್ಲಿ ಇಬ್ಬರು ಮಹಿಳೆಯರಿದ್ದರು. ಸಿಂಥಿಯಾ ಕೂಪರ್ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ. ಹುದ್ದೆಯ ಹೆಸರು ಬೇರೆಯಾದರೂ ಕರ್ತವ್ಯ ನಾವು ಹೇಳುತ್ತಿರುವುದಕ್ಕೆ ಹತ್ತಿರದ್ದೇ. ಬೆಟ್ಟಿ ವಿನ್ಸನ್ ಲೆಕ್ಕಪತ್ರ ವಿಭಾಗದಲ್ಲಿದ್ದವರು. 2000ದಲ್ಲಿ ಕಂಪನಿಯ ಖರ್ಚನ್ನು ಕಡಿಮೆ ತೋರಿಸಲು ಸುಳ್ಳು ನಮೂದು ಬರೆಯುವಂತೆ ವಿನ್ಸನ್ ಅವರಿಗೆ ಮೇಲಿನಿಂದ ಆಜ್ಞೆ ಬಂತು. ಆಕೆ ಹಿಂಜರಿದರು, ರಾಜೀನಾಮೆಯ ವಿಚಾರವನ್ನೂ ಮಾಡಿದರು. ಆದರೆ ಮನೆಯ ಮುಖ್ಯ ಆದಾಯ ಆಕೆಯದೇ ಆಗಿತ್ತು. ‘ಈ ಸಲ ಮಾತ್ರ’ ಎಂಬ ಭರವಸೆಯನ್ನು ನಂಬಿ ಬರೆದರು. ಮುಂದಿನ ತ್ರೈಮಾಸಿಕದಲ್ಲಿ ಮತ್ತೆ ಬರೆಯಬೇಕಾಯಿತು, ಅದರ ಮುಂದಿನದರಲ್ಲಿಯೂ. ಪಾಪವು ಕಂತಿನಲ್ಲಿ ಬರುತ್ತದೆ ಎಂದು ನಮ್ಮ ಹಿರಿಯರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೂಪರ್ ಮತ್ತು ಅವರ ಸಂಗಡಿಗರು 2002ರಲ್ಲಿ ಲೆಕ್ಕವನ್ನು ಕೆದಕತೊಡಗಿದಾಗ ಹಣಕಾಸಿನ ಮುಖ್ಯಸ್ಥರು ಅದನ್ನು ಮುಂದೂಡಲು ಕೇಳಿದರು. ಕೂಪರ್ ಒಪ್ಪಲಿಲ್ಲ. ಆ ಜೂನ್‌ನಲ್ಲಿ 3.8 ಶತಕೋಟಿ ಡಾಲರುಗಳ ಸುಳ್ಳು ಲೆಕ್ಕ ಬಯಲಾಯಿತು, ಜುಲೈಯಲ್ಲಿ ಕಂಪನಿ ದಿವಾಳಿಯಾಯಿತು. 2005ರಲ್ಲಿ ಅದರ ಒಡೆಯರಂತಿದ್ದ ಮುಖ್ಯ ಕಾರ್ಯನಿರ್ವಾಹಕರಿಗೆ 25 ವರ್ಷಗಳ ಶಿಕ್ಷೆಯಾಯಿತು. ಆಜ್ಞೆ ಪಾಲಿಸಿದ ವಿನ್ಸನ್ ಅವರಿಗೂ 5 ತಿಂಗಳ ಸೆರೆವಾಸ ತಪ್ಪಲಿಲ್ಲ.

ವಿನ್ಸನ್ ಅವರನ್ನು ಕೆಟ್ಟವರೆಂದು ಕರೆಯಲು ನನಗೆ ಮನಸ್ಸು ಬಾರದು. ವಿಧೇಯ ನೌಕರಳಾಗಿ, ಹೊಣೆಯರಿತ ತಾಯಿಯಾಗಿ ನಡೆದೆನೆಂದೇ ಆಕೆ ತಿಳಿದಿರಬಹುದು. ಕೂಪರ್ ಅವರ ಕೆಲಸವು ಪರಿಶೋಧಿಸುವುದಾಗಿತ್ತು, ವಿನ್ಸನ್ ಅವರ ಕೆಲಸ ಬರೆಯುವುದಾಗಿತ್ತು. ಆದರೆ ಮೊದಲ ಸುಳ್ಳು ನಮೂದಿನ ದಿನ ‘ಆಗದು’ ಎನ್ನುವ ಅವಕಾಶ ಇದ್ದುದು ಬರೆಯುವವರಿಗೇ. ಪರಿಶೋಧಿಸುವವರು ಬಂದದ್ದು ಬಹಳ ತಡವಾಗಿ.

ಆದುದರಿಂದ ಈ ವಿಷಯ ನಮ್ಮ ಊಟದ ಮೇಜಿಗೂ ಸಂಬಂಧಿಸಿದ್ದು. ನಿಮ್ಮ ಮಗನೋ ಸೊಸೆಯೋ ಒಂದು ಸಂಜೆ ಮನೆಗೆ ಬಂದು, ‘ಇವತ್ತು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ’ ಎಂದರೆ ನೀವು ಮೊದಲು ಏನು ಕೇಳುವಿರಿ? ‘ಕೆಲಸ ಹೋದರೆ ಗತಿಯೇನು?’ ಎಂದೇ ಅಲ್ಲವೇ? ಆ ಪ್ರಶ್ನೆ ತಪ್ಪಲ್ಲ. ಮನೆಸಾಲದ ಕಂತು ಯಾರ ಮನಸ್ಸಾಕ್ಷಿಗೂ ಕಾಯುವುದಿಲ್ಲ. ಆದರೆ ಅದಕ್ಕಿಂತ ಮೊದಲು, ‘ಆ ಕಾಗದದಲ್ಲಿ ಏನಿತ್ತು?’ ಎಂದು ಕೇಳಬಹುದು. ಕೇಳಿದ ಮೇಲೆ, ಆರು ತಿಂಗಳು ಕಡಿಮೆ ಖರ್ಚಿನಲ್ಲಿ ಈ ಮನೆ ನಡೆದೀತೇ ಎಂದು ಎಲ್ಲರೂ ಕುಳಿತು ಲೆಕ್ಕ ಹಾಕಬಹುದು. ಅಂತಹ ಲೆಕ್ಕವನ್ನು ಯಾವ ಸುತ್ತೋಲೆಯೂ ಹಾಕಿಕೊಡಲಾರದು.